ಯಾವಾಗಿಂದ ಎಂದು ಕೇಳಿದ ಟೀಚರು

ಹತ್ತಿಯ ಎಳೆ ಮೊಗ್ಗನ್ನು ಉಗುರಿನಿಂದ ಸುಲಿದರೆ ಒಂದು ಹಸಿ ವಾಸನೆ ಬರುತ್ತದೆ. ಬೆಂಡೆಕಾಯಿ ಮುರಿದಾಗ ಬರುವಂಥದ್ದೇ, ಆದರೆ ಅದಕ್ಕಿಂತ ಸ್ವಲ್ಪ ಕಟು. ಸೋಪು ಹಚ್ಚಿ ತೊಳೆದರೂ ಹೋಗುವುದಿಲ್ಲ, ಉಗುರಿನ ಸಂದಿಯಲ್ಲಿ ಕೂತುಬಿಡುತ್ತದೆ. ಹೋದ ತಿಂಗಳು ಒಂದು ಸೋಮವಾರ, ಮಾನ್ವಿಯ ನಮ್ಮ ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಆ ವಾಸನೆ ನನ್ನ ಮೂಗಿಗೆ ಬಡಿಯಿತು.

ಸೋಮವಾರ ನಮ್ಮಲ್ಲಿ ಉಗುರು ನೋಡುವ ದಿನ. ಹುಡುಗಿಯರ ಸಾಲು ನನ್ನ ಪಾಲಿಗೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎಡಗೈ ಮಾತ್ರ ಮುಂದೆ ಚಾಚಿ, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. "ಆ ಕೈ ತೋರ್ಸು" ಎಂದೆ. ತೋರಿಸಿದಳು. ನಾಲ್ಕು ಬೆರಳಿನ ಉಗುರು ನೀಟಾಗಿ ಕತ್ತರಿಸಿದ್ದವು. ಹೆಬ್ಬೆರಳಿನದು ಮಾತ್ರ ಉದ್ದಕ್ಕೆ ಬೆಳೆದು ಅಂಚು ಹಸಿರುಗಪ್ಪಾಗಿತ್ತು. ಆ ಕೈ ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ... ಹಿಂದಿನಿಂದ ನಮ್ಮ ಹೆಡ್ ಸರ್, "ಕಟರ್ ಅದ ಏನ್ರಿ ಮೇಡಂ? ಇಲ್ಲೇ ತಗದು ಕಳಸ್ರಿ" ಎಂದರು. ನೇಲ್ ಕಟರ್ ನನ್ನ ಬ್ಯಾಗಿನಲ್ಲೇ ಇತ್ತು. "ಇಲ್ರಿ ಸರ್" ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೇನೂ ಬೇಸರವಿಲ್ಲ. ಆ ಉಗುರು ಕತ್ತರಿಸುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ. ನನ್ನನ್ನು ಹಾಗೆ ಮಾಡಿಟ್ಟು ಹೋದವರು ನನಗೆ ಇಂಗ್ಲಿಷ್ ಕಲಿಸಿದ ಟೀಚರು.

ದೇವದುರ್ಗ ತಾಲ್ಲೂಕಿನ ನಮ್ಮೂರಿಗೆ ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳು ಹತ್ತಿಬೀಜದ ಪ್ಲಾಟುಗಳಾದವು. ಪೇಟೆಗೆ ಮಾರುವ ಹತ್ತಿಯಲ್ಲ, ಕಂಪನಿಗಳಿಗೆ ಕೊಡುವ ಹೈಬ್ರಿಡ್ ಬೀಜ. ಆ ಕೆಲಸಕ್ಕೆ ನಾವು ಕ್ರಾಸಿಂಗ್ ಎನ್ನುತ್ತಿದ್ದೆವು. ಮರುದಿನ ಅರಳಬೇಕಾದ ಮೊಗ್ಗನ್ನು ಸಂಜೆಯೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಅದರ ಎಸಳನ್ನೂ ಒಳಗಿನ ಗಂಡು ಕೇಸರವನ್ನೂ ಒಂದೇ ಸುತ್ತಿಗೆ ಸುಲಿದು, ನಡುವಿನ ಕಡ್ಡಿ ಮಾತ್ರ ಉಳಿಸಿ, ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಆ ಕಡ್ಡಿಗೆ ಸವರಬೇಕು. ಬಿಸಿಲು ಏರುವುದರೊಳಗೆ ಮುಗಿಯಬೇಕು. ಉಗುರು ಮೋಟಾಗಿದ್ದರೆ ಮೊಗ್ಗು ಜಜ್ಜಿ ಹೋಗುತ್ತದೆ. ಅದಕ್ಕೇ ಮಳೆ ಬಿದ್ದು ಗಿಡ ಮೊಗ್ಗಿಗೆ ಬರುವ ಹೊತ್ತಿಗೆ ನಮ್ಮೂರ ಹುಡುಗಿಯರೆಲ್ಲ ಬಲಗೈ ಹೆಬ್ಬೆರಳಿನ ಉಗುರು ಬಿಡುತ್ತಿದ್ದೆವು. ದೊಡ್ಡವರ ಬೆರಳು ದಪ್ಪ, ಹುಡುಗರಿಗೆ ತಾಳ್ಮೆ ಇಲ್ಲ, ಈ ಕೆಲಸ ಹುಡುಗಿಯರ ಹಣೆಯಲ್ಲೇ ಬರೆದದ್ದು ಎಂದು ಹೇಳುವವರು ಹೇಳುತ್ತಿದ್ದರು. ಬರೆದವರು ಯಾರು ಎಂದು ಯಾರೂ ಕೇಳಿರಲಿಲ್ಲ.

ನಮ್ಮದು ಕುರಿ ಕಾಯುವ ಮನೆ. ಅಪ್ಪ ಮಂದೆಯ ಹಿಂದೆ ಹೋದನೆಂದರೆ ತಿಂಗಳುಗಟ್ಟಲೆ ಊರಿಗಿಲ್ಲ. ಅವ್ವ ಪ್ಲಾಟಿನಲ್ಲಿ ಕಳೆ ತೆಗೆಯುತ್ತಿದ್ದಳು, ನಾನು ಕ್ರಾಸಿಂಗಿಗೆ. ನನ್ನ ಜೋಡಿ ಹುಲಿಗೆಮ್ಮ. ಅವಳ ಮನೆ ಊರ ತುದಿಯ ಓಣಿಯಲ್ಲಿತ್ತು, ಪಡಸಾಲೆಯಲ್ಲಿ ಬುದ್ಧನ ಪಟ ಹಾಕಿದ್ದರು. ಶ್ರಾವಣ ಮುಗಿಯುತ್ತಲೇ ಶಾಲೆಯಲ್ಲಿ ನಮ್ಮ ಬೆಂಚು ಖಾಲಿ, ದೀಪಾವಳಿ ಕಳೆದ ಮೇಲೆ ಮತ್ತೆ ಭರ್ತಿ. ಮಾಸ್ತರುಗಳಿಗೆಲ್ಲ ಗೊತ್ತಿದ್ದದ್ದೇ.

ನಾವು ಹತ್ತನೇ ತರಗತಿಗೆ ಬಂದ ವರ್ಷ ಇಂಗ್ಲಿಷಿಗೆ ಅತಿಥಿ ಶಿಕ್ಷಕಿಯಾಗಿ ಬಂದವರು ಈ ಟೀಚರು. ಅತಿಥಿ ಎಂದರೆ ಮಾರ್ಚಿಗೆ ಮನೆಗೆ ಹೋಗಿ, ಜೂನಿನಲ್ಲಿ ಮತ್ತೆ ಕರೆ ಬರುತ್ತದೋ ಇಲ್ಲವೋ ಎಂದು ಕಾಯುವ ನೌಕರಿ. ರಾಯಚೂರು ಪೇಟೆಯವರು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುವುದು, ಸಂಜೆ ಬಸ್ಸು ಹಿಡಿದು ಹೋಗುವುದು. ಕುಳ್ಳು, ಗಟ್ಟಿ ದನಿ, ಪರ್ಸಿನಲ್ಲಿ ಸದಾ ಹುರಿದ ಶೇಂಗಾ. ಯಾರೊಡನೆ ಮಾತಾಡಿದರೂ ಜಗಳಕ್ಕೆ ನಿಂತಂತೆ ಕಾಣುತ್ತಿತ್ತು, ಅರ್ಧ ಸಲ ಅದು ಜಗಳವೇ ಆಗಿರುತ್ತಿತ್ತು.

ಶ್ರಾವಣ ಮುಗಿದು ಬೆಂಚುಗಳು ಖಾಲಿಯಾದಾಗ ಅವರು ಸ್ಟಾಫ್ ರೂಮಿನಲ್ಲಿ ವಿಚಾರಿಸಿದರಂತೆ. ದೀಪಾವಳಿ ಆದ ಮೇಲೆ ಬರುತ್ತಾರೆ ಬಿಡಿ ಎಂದರಂತೆ ಉಳಿದವರು. ಬಿಡುವ ಪೈಕಿ ಅಲ್ಲ ನಮ್ಮ ಟೀಚರು. ಮರುದಿನ ಊಟದ ಬಿಡುವಿನಲ್ಲಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು, ಬದುವಿನ ಮೇಲೆ ನಡೆದುಕೊಂಡು ಪ್ಲಾಟಿಗೇ ಬಂದರು. ಮೋಡದ ದಿನ, ಹೂ ತಡವಾಗಿ ಅರಳಿ, ನಾವು ಇನ್ನೂ ಕೊನೆಯ ಸಾಲಿಗೆ ಹೂ ಸವರುತ್ತಿದ್ದೆವು. ಬೈಯುತ್ತಾರೆಂದು ಗಿಡದ ಮರೆಗೆ ಕೂತರೆ ನಮ್ಮ ರಿಬ್ಬನ್ನೇ ಕಾಣುತ್ತಿತ್ತು.

"ಏನ್ ಮಾಡಾಕತ್ತಿದ್ರಿ ಬೇ?"

"ಕ್ರಾಸಿಂಗ್ ಮಾಡಾಕತ್ತಿದ್ವಿರಿ ಟೀಚರ್" ಎಂದಳು ಹುಲಿಗೆಮ್ಮ.

"ಯಾವಾಗಿಂದ?"

"ಮುಂಜಾಲಿಂದ್ರಿ."

"ಇವತ್ತಿಂದು ಯಾರ್ ಕೇಳಿದ್ರು? ಯಾವಾಗಿಂದ ಮಾಡಾಕತ್ತೀರಿ?"

ಹುಲಿಗೆಮ್ಮ ನನ್ನ ಮುಖ ನೋಡಿದಳು, ಆಮೇಲೆ, "ಆರನೇ ಕ್ಲಾಸಿನಿಂದ್ರಿ" ಎಂದಳು. ಟೀಚರು ಬೈಯಲಿಲ್ಲ. ಅಷ್ಟು ವರ್ಷ ನಾವು ಆ ಹೊಲದಲ್ಲಿ ನಿಂತಿದ್ದರೂ ಯಾವಾಗಿಂದ ಎಂದು ನಮ್ಮನ್ನು ಕೇಳಿದ್ದು ಅವರೊಬ್ಬರೇ. ಆಮೇಲೆ ಕೆಲಸ ತೋರಿಸಿ ಎಂದರು. ಹುಲಿಗೆಮ್ಮ ಒಂದು ಮೊಗ್ಗು ಸುಲಿದು ತೋರಿಸಿದಳು. ತಾವೂ ಒಂದಕ್ಕೆ ಕೈ ಹಾಕಿ ಜಜ್ಜಿ ಹಾಕಿದರು. "ಇದಕ್ಕ ನನ್ ಉಗುರು ಸಾಲಂಗಿಲ್ಲ ಬಿಡ್ರಿ" ಎಂದು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವತ್ತಿನಿಂದಲೇ ಅವರು ಆ ಉಗುರು ಕತ್ತರಿಸುವುದನ್ನು ಬಿಟ್ಟರು ಎಂಬುದು ನಮ್ಮ ಲಕ್ಷ್ಯಕ್ಕೆ ಬಂದದ್ದು ತಡವಾಗಿ.

ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಓಡಿ ಬಂದ. ಹುಡುಗಿಯರನ್ನು ಶಾಲೆಗೆ ಎಳೆದುಕೊಂಡು ಹೋಗಲು ಬಂದಿದ್ದಾರೆ ಎಂದು ಅವನ ಎದೆ ಹಾರಿತ್ತು. ಟೀಚರು ಅವನನ್ನೇ ಕೇಳಿದರು, "ಊಟದ ಹೊತ್ತು ಯಾರದ್ರಿ? ಅವರದಲ್ಲೇನು? ಅವರ ಊಟದ ಹೊತ್ತಿನಾಗ ನಾ ಬರ್ತೀನಿ. ನಿಮ್ ಮೊಗ್ಗಿಗೆ ನಾ ಕೈ ಹಚ್ಚಂಗಿಲ್ಲ." ಜಜ್ಜಿದ ಮೊಗ್ಗು ಅವರ ಕಾಲ ಹತ್ತಿರವೇ ಬಿದ್ದಿತ್ತು, ಪುಣ್ಯಕ್ಕೆ ಅವನು ನೋಡಲಿಲ್ಲ.

ಕ್ರಾಸಿಂಗಿನಲ್ಲಿ ಹಾಗೆ ಒಂದು ಬಿಡುವು ಇರುತ್ತದೆ. ಬೆಳಗಿನ ಹೂ ಸವರುವುದು ಮುಗಿದು, ಸಂಜೆಯ ಮೊಗ್ಗು ಸುಲಿಯುವುದು ಆರಂಭವಾಗುವ ತನಕ ಉರಿಬಿಸಿಲಿನ ಹೊತ್ತು. ನಾವು ರೊಟ್ಟಿ ತಿಂದು ಕಾಲುವೆ ದಂಡೆಯ ಬೇವಿನ ಮರದ ಕೆಳಗೆ ಬಿದ್ದುಕೊಳ್ಳುತ್ತಿದ್ದ ಹೊತ್ತು. ಟೀಚರು ಅದನ್ನು ಕಸಿದುಕೊಂಡರು. ಶಾಲೆ ಆ ದಂಡೆಯಿಂದ ಕೂಗಳತೆ ದೂರ. ದಿನಾ ಊಟದ ಬಿಡುವಿಗೆ ಬರುತ್ತಿದ್ದರು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಹೆಚ್ಚು ಹೊತ್ತು ಕೂರುತ್ತಿದ್ದರು. ನಮಗೆ ನಿದ್ದೆ ಎಳೆಯುತ್ತಿತ್ತು. ತೂಕಡಿಸಿದವರ ತಲೆಗೆ ಶೇಂಗಾ ಬಂದು ಬೀಳುತ್ತಿತ್ತು, ಬಿದ್ದದ್ದನ್ನು ಹೆಕ್ಕಿ ತಿನ್ನುತ್ತಿದ್ದೆವು. ತಿನ್ನುವ ಆಸೆಗೆ ತೂಕಡಿಸಿದ್ದೂ ಉಂಟು.

ಆ ವರ್ಷ ನಮ್ಮನ್ನು ಕಾಡಿದ್ದು ಎರಡು ಟೆನ್ಸು. ಪಾಸ್ಟ್ ಕಂಟಿನ್ಯೂಯಸ್, ಪಾಸ್ಟ್ ಪರ್ಫೆಕ್ಟ್ ಕಂಟಿನ್ಯೂಯಸ್. ಹೆಸರು ಹೇಳುವಷ್ಟರಲ್ಲೇ ಹಲ್ಲು ಸಡಿಲವಾಗುತ್ತಿತ್ತು. ಗೈಡಿನಲ್ಲಿ ಭೂತಕಾಲದ ನಿರ್ದಿಷ್ಟ ಸಮಯದಲ್ಲಿ ನಡೆಯುತ್ತಿದ್ದ ಕ್ರಿಯೆ, ಭೂತಕಾಲದ ನಿರ್ದಿಷ್ಟ ಸಮಯಕ್ಕಿಂತ ಮೊದಲೇ ಆರಂಭವಾಗಿ ಮುಂದುವರಿಯುತ್ತಲೇ ಬಂದಿದ್ದ ಕ್ರಿಯೆ ಎಂದು ಬರೆದಿತ್ತು. ಬಾಯಿಪಾಠ ಮಾಡಿದರೆ ಬರುತ್ತಿತ್ತು, ವಾಕ್ಯ ಮಾಡಿ ಎಂದರೆ ಮತ್ತೆ ಗೈಡನ್ನೇ ತೆರೆಯುತ್ತಿದ್ದೆವು. ನಮ್ಮ ಮಾತಿನಲ್ಲಿ ಎರಡಕ್ಕೂ ಮಾಡಾಕತ್ತಿದ್ವಿ ಅಂದರೆ ಮುಗಿಯಿತು. ಒಂದೇ ಅಂಗಿಯಲ್ಲಿ ಹಬ್ಬವನ್ನೂ ಹೊಲವನ್ನೂ ಮುಗಿಸುವವರು ನಾವು, ನಮಗೆ ಎರಡೆರಡು ಅಂಗಿ ಕೊಟ್ಟರೆ ಯಾವಾಗ ಯಾವುದು ತೊಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ಟೀಚರು ಗೈಡನ್ನು ಮಡಚಿ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತರು.

"ನೋಡ್ರಿ. ನಾ ಅವತ್ತು ಬಂದೆ. ಬಂದಾಗ ನನ್ ಕಣ್ಣಿಗಿ ಬಿದ್ದದ್ದೇನು? ನೀವು ಕೆಲಸ ಮಾಡಾಕತ್ತಿದ್ರಿ. ಅಷ್ಟ ಹೇಳೋದಿದ್ರ, ದೇ ವರ್ ವರ್ಕಿಂಗ್. ಮುಗೀತು. ಆದ್ರ ನಾ ಬರೋಕಿಂತ ಮೊದಲ ಸುರು ಆಗಿ, ನಾ ಬರೋತನಕ ನಡಕೊಂತ ಬಂದಿತ್ತಲ್ಲ, ಅದನ್ನ ಹೇಳಬೇಕಂದ್ರ? ದೇ ಹ್ಯಾಡ್ ಬೀನ್ ವರ್ಕಿಂಗ್. ಯಾವಾಗಿಂದ ಅಂತ ಒಂದು ಸಲ ಕೇಳಿ ನೋಡ್ರಿ. ಅದಕ್ಕ ಉತ್ತರ ಹೇಳೋದಿದ್ರ ಹ್ಯಾಡ್ ಬೀನ್. ಇಲ್ಲಂದ್ರ ವಾಸ್, ವರ್ ಸಾಕು."

ಹುಲಿಗೆಮ್ಮನಿಗೆ ಒಪ್ಪಿಗೆಯಾಗಲಿಲ್ಲ. "ಕೆಲಸ ಒಂದ ಅಲ್ಲೇನ್ರಿ ಟೀಚರ್? ಯಾವುದು ಹೇಳಿದ್ರೇನು?"

"ಕೆಲಸ ಒಂದ ಬೇ. ಬಂದವರು ಬಂದಾಗ ಕಂಡಷ್ಟ ನೋಡಿ ಹೋಗ್ತಾರ. ಅವರು ಬರೋಕಿಂತ ಮೊದಲಿಂದು ಯಾರು ಹೇಳಬೇಕು? ನೀವ ಹೇಳಬೇಕು."

ಗೈಡಿನಲ್ಲಿ ರಾಮ ಯಾವಾಗಲೂ ಕ್ರಿಕೆಟ್ ಆಡುತ್ತಿದ್ದ, ಮಳೆ ಬರುತ್ತಿತ್ತು. ನಮ್ಮೂರಿನಲ್ಲಿ ಆ ರಾಮನೂ ಇರಲಿಲ್ಲ, ಅಂಥ ಮಳೆಯೂ ಇರಲಿಲ್ಲ. ನಿಮ್ಮ ಮನೆಯದು ಹೇಳಿ ಎಂದರು ಟೀಚರು. ನಾನು ಬಹಳ ಹೊತ್ತು ಯೋಚಿಸಿ, ಅಪ್ಪ ಮಂದೆಯಿಂದ ಮನೆಗೆ ಬಂದಾಗ ನಾಯಿ ಮಲಗಿತ್ತು ಎಂದು ಮಾಡಿದೆ. ದ ಡಾಗ್ ವಾಸ್ ಸ್ಲೀಪಿಂಗ್. "ಮತ್ತ ನಿಮ್ಮವ್ವ?" ಎಂದರು. ಮೈ ಮದರ್ ಹ್ಯಾಡ್ ಬೀನ್ ವೇಟಿಂಗ್ ಎಂದೆ. ಟೀಚರು ಒಂದು ಮುಷ್ಟಿ ಶೇಂಗಾ ಕೊಟ್ಟರು. ಆಮೇಲೆ ಸಂಜೆ ಮೊಗ್ಗು ಸುಲಿಯುವಾಗ ನಾನೂ ಹುಲಿಗೆಮ್ಮನೂ ಎದುರುಬದುರು ಸಾಲಿನಲ್ಲಿ ನಿಂತು, ಒಂದು ಮೊಗ್ಗಿಗೆ ಒಂದು ವಾಕ್ಯ ಕೂಗುತ್ತಿದ್ದೆವು. ಮೇಸ್ತ್ರಿಗೆ ಬೈಯುವ ವಾಕ್ಯಗಳನ್ನೂ ಸೇರಿಸಿಕೊಂಡೆವು. ಅವನು, ಪಾಪ, ಓದುತ್ತಿದ್ದಾರೆ ಎಂದು ಸುಮ್ಮನಿರುತ್ತಿದ್ದ.

ದೀಪಾವಳಿ ಕಳೆಯಿತು. ಬೆಂಚಿಗೆ ಮರಳಿದೆವು. ಮೊದಲ ದಿನವೇ ಹೆಡ್ ಮಾಸ್ತರು ನಮ್ಮನ್ನು ಸಾಲಾಗಿ ನಿಲ್ಲಿಸಿ, "ನಿಮ್ ಹಾಜರಿ ಸಾಲಂಗಿಲ್ಲ. ಈ ವರ್ಷ ಪರೀಕ್ಷಾಕ್ಕ ಕೂಡಾಕ ಬರಂಗಿಲ್ಲ. ಬರೋ ವರ್ಷ ನೋಡೋಣು" ಎಂದರು. ಬಹಳ ಸಮಾಧಾನದಿಂದ ಹೇಳಿದರು. ಹತ್ತಿಯ ಹೊಲದಲ್ಲಿ ಬೆಳೆದ ಹುಡುಗಿಯರು ಕೂತು ನಪಾಸಾದರೆ ಶಾಲೆಯ ರಿಸಲ್ಟು ಕೆಡುತ್ತದೆ ಎಂಬ ಚಿಂತೆ ಅವರದು.

ಹುಡುಗರಿಗೆ ಬರುವ ವರ್ಷ ಎಂದರೆ ಬರುವ ವರ್ಷ. ನನಗೆ ಹಾಗಿರಲಿಲ್ಲ. ಗೂಗಲ್ ಎಂಬ ಊರಿನಲ್ಲಿ ನನ್ನ ಸೋದರಮಾವ ಇದ್ದ. ಅಪ್ಪ ಊರಿಗೆ ಬಂದಾಗಲೇ ನನ್ನನ್ನು ಅವನಿಗೆ ಕೊಡುವ ಮಾತು ಹಾಕಿ ಹೋಗಿದ್ದ. "ಪರೀಕ್ಷಾ ಇದ್ರ ಪರೀಕ್ಷಾ ಮುಗೀಲಿ, ಆಮ್ಯಾಲ ಮುಂದಿಂದು ನೋಡೋಣು. ಇಲ್ಲಂದ್ರ ಸುಮ್ನ ಯಾಕ ಕೂಡಬೇಕು, ಯುಗಾದಿ ಮುಂದ ಅಕ್ಕಿಕಾಳು ಹಾಕಿಬಿಡೋಣು" ಎಂದಿದ್ದ. ಮಾವ ಕೆಟ್ಟವನಲ್ಲ. ಆದರೆ ನನಗೆ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಿನ ಕಾರಣ ಆಗಲೂ ಇರಲಿಲ್ಲ, ಈಗಲೂ ಕೊಡುವುದಿಲ್ಲ. ಪರೀಕ್ಷೆಗೆ ಕೂರುವುದೊಂದೇ ನನಗಿದ್ದ ದಾರಿ.

ಅಷ್ಟರಲ್ಲಿ ಶಾಲೆ ತಪ್ಪಿಸುವ ಮಕ್ಕಳ ವಿಚಾರಣೆಗೆ ದೇವದುರ್ಗದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆ ಎಂದು ಸುದ್ದಿಯಾಯಿತು. ಅವರ ಎದುರು ಹೆಡ್ ಮಾಸ್ತರು ನಮ್ಮನ್ನು ಓದಿನಲ್ಲಿ ಆಸಕ್ತಿ ಇಲ್ಲದವರು, ಮನೆಯಲ್ಲಿ ಇರುವವರು ಎಂದು ತೋರಿಸುವವರಿದ್ದರು. ಪ್ಲಾಟಿನ ಧಣಿ ಶಾಲೆಯ ಸಮಿತಿಯಲ್ಲೇ ಇದ್ದ. ಅವನ ಹೊಲದಲ್ಲಿ ಶಾಲೆಯ ಹುಡುಗಿಯರು ದುಡಿಯುತ್ತಾರೆ ಎಂಬ ಮಾತು ಸಾಹೇಬರ ಕಿವಿಗೆ ಬೀಳಬಾರದಿತ್ತು. ಹಿಂದಿನ ದಿನ ಪ್ರಾರ್ಥನೆಯಲ್ಲಿ ಹೆಡ್ ಮಾಸ್ತರು, "ನಾಳಿ ಎಲ್ಲಾರೂ ಉಗುರು ತಗದು ಬರಬೇಕು, ಸ್ವಚ್ಛ ಇರಬೇಕು" ಎಂದರು. ಎಲ್ಲಾರೂ ಎನ್ನುವಾಗ ನೋಡಿದ್ದು ನಮ್ಮ ಸಾಲನ್ನು. ಆಮೇಲೆ ನಮ್ಮನ್ನು ಬೇರೆ ಕರೆದು, "ಕೇಳಿದ್ರ, ಜ್ವರ ಬಂದಿತ್ತು, ಮನ್ಯಾಗ ಇದ್ವಿ ಅನ್ರಿ" ಎಂದರು.

ಟೀಚರು ಸಂಜೆ ಬಸ್ಸಿಗೆ ಹೋಗುವ ಮುನ್ನ ನಮ್ಮನ್ನು ಅದೇ ಬೇವಿನ ಮರದ ಕೆಳಗೆ ಸೇರಿಸಿದರು. "ನಾಳಿ ಬಾಕಿ ಬೆರಳಿನ ಉಗುರು ಚಂದಾಗಿ ತಗದು ಬರ್ರಿ. ಹೆಬ್ಬೆರಳಿಂದು ಬಿಡ್ರಿ. ಅದ ನಿಮ್ ಹಾಜರಿ." ಹುಲಿಗೆಮ್ಮ, "ಹೆಡ್ ಮಾಸ್ತರು ಬೈತಾರ್ರಿ" ಎಂದಳು. "ಬೈಲಿ. ನನಗೂ ಬೈತಾರ. ಜೋಡಿ ಆಗ್ತದ" ಎಂದರು.

ಮನೆಗೆ ಬಂದರೆ ಅವ್ವ ಬ್ಲೇಡು ಹಿಡಿದು ಕೂತಿದ್ದಳು. ಹೆಡ್ ಮಾಸ್ತರರ ಮಾತು ನನಗಿಂತ ಮೊದಲು ಮನೆ ಮುಟ್ಟಿತ್ತು.

"ತಾ ಕೈ."

"ಬ್ಯಾಡ ಯವ್ವಾ."

"ಧಣ್ಯಾರ ಹೊಲ ತಪ್ಪಿದ್ರ ಏನ್ ತಿಂತಿ? ಉಗುರು ತಿಂತಿಯೇನ್ ಬೇ?"

ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದೆ. ಅವ್ವ ನನ್ನ ಮುಷ್ಟಿ ಬಿಡಿಸಲು ನೋಡಿದಳು. ಹೊಲದ ಕೆಲಸ ಮಾಡಿದ ಕೈ ಅವಳದು, ಬಿಡಿಸಬಹುದಿತ್ತು. ಉಗುರು ನನ್ನ ಅಂಗೈಗೇ ಚುಚ್ಚಿ ರಕ್ತ ಬಂತು. ಅದನ್ನು ನೋಡಿ ಅವಳು ಕೈ ಬಿಟ್ಟಳು. "ಸಾಯಿ, ಏನರ ಮಾಡ್ಕೋ" ಎಂದು ಬ್ಲೇಡನ್ನು ಗೂಡಿನಲ್ಲಿಟ್ಟು ಒಲೆಯ ಮುಂದೆ ಹೋಗಿ ಕೂತಳು. ಆಮೇಲೆ ಅರಿಸಿನ ತಂದು ಹಚ್ಚಿದವಳೂ ಅವಳೇ.

ಸಾಹೇಬರು ಜೀಪಿನಲ್ಲಿ ಬಂದರು. ಆ ಕಡೆಯ, ಮೈಸೂರು ಸೀಮೆಯ ಮಾತು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ, ಬೇಗ ಮುಗಿಸಿ ಹೋಗಬೇಕೆಂಬ ಮನುಷ್ಯರಂತೆ ಕಂಡರು. ಧಣಿ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಹೆಡ್ ಮಾಸ್ತರು ನಮ್ಮನ್ನು ತೋರಿಸಿ, "ಇವರ ನೋಡ್ರಿ ಸರ್, ಎಷ್ಟು ಕರದ್ರೂ ಬರಂಗಿಲ್ಲ" ಎಂದರು.

"ಏನ್ರಮ್ಮ, ಇಷ್ಟು ತಿಂಗಳು ಏನು ಮಾಡ್ತಿದ್ರಿ?" ಎಂದರು ಸಾಹೇಬರು. ನಾವು ನೆಲ ನೋಡಿದೆವು. ಅವರಿಗೆ ತಮಾಷೆ ಅನಿಸಿರಬೇಕು, "ಹತ್ತನೇ ಕ್ಲಾಸಲ್ವಾ? ಇಂಗ್ಲಿಷಲ್ಲಿ ಹೇಳಿ ನೋಡೋಣ" ಎಂದರು.

ಹುಲಿಗೆಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಬಲಗೈ ಎತ್ತಿ ಹೆಬ್ಬೆರಳು ತೋರಿಸಿದಳು. "ಸರ್, ವಿ ವರ್... ವಿ ವರ್ ಹ್ಯಾಡ್ ಬೀನ್ ವರ್ಕಿಂಗ್ ಸರ್. ಸಿನ್ಸ್ ಸಿಕ್ಸ್ತ್ ಸ್ಟ್ಯಾಂಡರ್ಡ್. ಆಲ್ಸೋ ಸ್ಟಡೀಯಿಂಗ್."

ಎರಡೂ ಅಂಗಿ ಒಂದರ ಮೇಲೊಂದು ತೊಟ್ಟುಬಿಟ್ಟಿದ್ದಳು. ಸಾಹೇಬರು ನಕ್ಕರು. "ವರ್ ಹ್ಯಾಡ್ ಬೀನಾ? ಯಾರಮ್ಮ ನಿಮಗೆ ಇಂಗ್ಲಿಷ್ ಕಲಿಸಿದ್ದು?" ಹೆಡ್ ಮಾಸ್ತರು ನಕ್ಕರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಧಣಿಯೂ ನಕ್ಕ. ಹುಲಿಗೆಮ್ಮನ ಮುಖ ಸಣ್ಣದಾಯಿತು, ಆದರೆ ಎತ್ತಿದ ಕೈ ಇಳಿಸಲಿಲ್ಲ.

ಟೀಚರು ಗೋಡೆಗೆ ಒರಗಿ ನಿಂತಿದ್ದವರು ಮುಂದೆ ಬಂದರು.

"ಕಲಿಸಿದಾಕಿ ನಾನ ಸರ್. ಟೆನ್ಸ್ ನಾ ತಿದ್ದತೀನಿ. ಹಾಜರಿ ನೀವು ತಿದ್ರಿ."

ಟೀಚರು ತಮ್ಮ ಬಲಗೈ ಎತ್ತಿದರು. ಹೆಬ್ಬೆರಳಿನ ಉಗುರು ನಮ್ಮದರಷ್ಟೇ ಬೆಳೆದಿತ್ತು. "ಕೈ ತೋರಸ್ರಿ ಬೇ" ಎಂದರು. ನಾವೆಲ್ಲ ಎತ್ತಿದೆವು. ನನ್ನ ಅಂಗೈಯ ಅರಿಸಿನ ಇನ್ನೂ ಹೋಗಿರಲಿಲ್ಲ.

ಸಾಹೇಬರು ಕುರ್ಚಿಯಿಂದ ಎದ್ದು ಬಂದು ಹುಲಿಗೆಮ್ಮನ ಉಗುರನ್ನು ಹತ್ತಿರದಿಂದ ನೋಡಿದರು. ಇದೇನು ಎಂದರು. ಅವಳು ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲಿ ಎಲ್ಲ ಹೇಳಿದಳು. ಸಂಜೆಯ ಮೊಗ್ಗು, ಕೆಂಪು ಕಾಗದ, ಬೆಳಗಿನ ಹೂ, ಬೇವಿನ ಮರದ ಕೆಳಗಿನ ಪಾಠ. ಧಣಿ ಎರಡು ಸಲ ಕೆಮ್ಮಿದ. ಸಾಹೇಬರು ಅವನ ಕಡೆ ನೋಡಲಿಲ್ಲ, ಸಾಲಿನಲ್ಲಿ ಮುಂದೆ ಇದ್ದ ನನ್ನ ಕಡೆ ತಿರುಗಿದರು.

"ನೀನೂನಾ? ಯಾವಾಗಿಂದ?"

ಆ ಮಾತು ಅವರ ಬಾಯಿಂದ ಬಂದದ್ದೇ ತಡ ನಾನು ಟೀಚರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು ಎಂದು ಹುಲಿಗೆಮ್ಮ ಇವತ್ತಿಗೂ ಹೇಳುತ್ತಾಳೆ, ನನಗೆ ಹಾಗೆ ನೆನಪಿಲ್ಲ... "ಐದನೇ ಕ್ಲಾಸಿನಿಂದ್ರಿ ಸರ್" ಎಂದೆ. ಹುಲಿಗೆಮ್ಮನಿಗಿಂತ ಒಂದು ವರ್ಷ ಮೊದಲೇ ಹೊಲಕ್ಕಿಳಿದವಳು ನಾನು. ನನ್ನ ಆಚೆ ನಿಂತವಳೂ ಹೇಳಿದಳು. ಅವಳ ಆಚೆಯವಳೂ.

ದಿನಾ ಮಧ್ಯಾಹ್ನ ಪಾಠ ಮಾಡಿದ್ದು ನಿಜವೇ ಎಂದು ಸಾಹೇಬರು ಕೇಳಿದರು. ಬೇಕಾದರೆ ಮೇಸ್ತ್ರಿಯನ್ನೇ ಕರೆಸಿ ಕೇಳಿ ಎಂದರು ಟೀಚರು. ಕರೆಸಿದರು. ಧಣಿಯ ಎದುರಿಗೇ ಅವನು, "ಹೌದ್ರಿ, ದಿನಾ ಬರ್ತಿದ್ರು, ಹುಡುಗ್ಯಾರು ನನಗ ಇಂಗ್ಲಿಷಿನಾಗ ಬೈತಿದ್ರು" ಎಂದುಬಿಟ್ಟ. ತಿಳಿದೂ ಸುಮ್ಮನಿದ್ದನಂತೆ! ಆ ಪಾಠಗಳನ್ನೂ ಹಾಜರಿಗೆ ಸೇರಿಸಿ ನಮ್ಮನ್ನು ಪರೀಕ್ಷೆಗೆ ಕೂರಿಸಬೇಕೆಂದು ಹೇಳಿ ಸಾಹೇಬರು ಜೀಪು ಹತ್ತಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದವಿತ್ತು. ಆದರೆ ಧಣಿಗೆ ನೋಟಿಸು ಬಂತು. ಇನ್ನು ಮುಂದೆ ಶಾಲೆಯ ಹುಡುಗಿಯರು ಯಾರೂ ನನ್ನ ಹೊಲಕ್ಕೆ ಬೇಡ ಎಂದ. ಊರಿನ ಹೆಂಗಸರ ಸಿಟ್ಟೆಲ್ಲ ಟೀಚರ ಮೇಲೆ ತಿರುಗಿತು. ರಾಯಚೂರಿನಿಂದ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆದಳು ಎಂದು ಅವ್ವನೂ ಬೈದಳು. ಬಸ್ಸಿಗೆ ಕಾಯುವಾಗ ನೀರು ಕೊಡುತ್ತಿದ್ದ ಮನೆಯವರು ಬಾಗಿಲು ಹಾಕಿಕೊಂಡರು. ನಾನು ಅಳುತ್ತಾ ಹೋಗಿ ಹೇಳಿದರೆ ಟೀಚರು, "ಬೈಲಿ ಬಿಡು. ಅವರ ಸಿಟ್ಟು ಖರೇನ ಅದ. ನೀ ಹೋಗಿ ಓದು" ಎಂದರು. ಮಾರ್ಚಿನ ತನಕ ಮನೆಯಿಂದಲೇ ಬಾಟಲಿಯಲ್ಲಿ ನೀರು ತಂದುಕೊಂಡರು.

ಪರೀಕ್ಷೆಯಲ್ಲಿ ಆ ಎರಡು ಟೆನ್ಸಿನ ಪ್ರಶ್ನೆ ಬರಲೇ ಇಲ್ಲ. ಪ್ರಿಪೊಸಿಷನ್ ಬಂತು, ಅದರಲ್ಲಿ ತಪ್ಪು ಮಾಡಿದೆ. ಆದರೂ ಪಾಸಾದೆ. ಮಾವನಿಗೆ ಬೇರೆ ಕಡೆ ಹೆಣ್ಣು ನೋಡಿದರು, ನನ್ನನ್ನು ದೇವದುರ್ಗದ ಕಾಲೇಜಿಗೆ ಹಚ್ಚಿದರು. ಹುಲಿಗೆಮ್ಮ ಗಣಿತದಲ್ಲಿ ನಪಾಸಾಗಿ, ಮತ್ತೆ ಕಟ್ಟಿ ಪಾಸಾದಳು. ಈಗ ಶಕ್ತಿನಗರದಲ್ಲಿ ಅಂಗನವಾಡಿ ನೋಡಿಕೊಳ್ಳುತ್ತಾಳೆ. ಫೋನು ಮಾಡಿದರೆ ಅವಳ ಮೊದಲ ಮಾತೇ, "ಏನ್ ಬೇ, ವರ್ ಹ್ಯಾಡ್ ಬೀನ್?" ಟೀಚರಿಗೆ ಮಾತ್ರ ಆ ಜೂನಿನಲ್ಲಿ ಕರೆ ಬರಲಿಲ್ಲ. ಬೇರೆ ಯಾರೋ ಬಂದರಂತೆ. ಒಳ್ಳೆಯವರೇ ಅಂತೆ, ಹೊಲದ ಕಡೆ ಹೋಗುತ್ತಿರಲಿಲ್ಲವಂತೆ.

ಮತ್ತೆ ಅವರು ಸಿಕ್ಕಿದ್ದು ಬಹಳ ವರ್ಷದ ಮೇಲೆ, ರಾಯಚೂರು ಬಸ್ ಸ್ಟ್ಯಾಂಡಿನ ಹೊರಗೆ. ಸೀತಾಫಲದ ಬಂಡಿಯವನೊಡನೆ ಜಗಳವಾಡುತ್ತಿದ್ದ ದನಿ ಕೇಳಿಯೇ ಗುರುತು ಹಿಡಿದೆ. ನಾನು ಇಂಗ್ಲಿಷ್ ಟೀಚರಾಗಿದ್ದೇನೆ ಎಂದು ಹೇಳುವಷ್ಟರಲ್ಲಿ ನನ್ನ ಬಲಗೈ ಹಿಡಿದು ಹೆಬ್ಬೆರಳು ತಿರುಗಿಸಿ ನೋಡಿದರು.

"ತಗದೀ?"

"ತಗದೀನ್ರಿ ಟೀಚರ್. ಈಗ ಚಾಕ್ ಹಿಡೀತೀನಲ್ರಿ."

"ಚಲೋ ಆತು" ಎಂದರು. ಒಂದು ಹಣ್ಣು ಆರಿಸಿ ನನ್ನ ಕೈಗಿಟ್ಟು, "ಬಿಟ್ಟಿದ್ರೂ ಚಲೋ ಇತ್ತು" ಎಂದರು. ಆಗಲೂ ಅವರು ಯಾವುದೋ ಊರಿಗೆ ಅತಿಥಿಯಾಗಿಯೇ ಹೋಗಿ ಬರುತ್ತಿದ್ದರು.

ಎರಡು ವರ್ಷದ ಹಿಂದೆ ಹುಲಿಗೆಮ್ಮ ಫೋನು ಮಾಡಿದಾಗ ವರ್ ಹ್ಯಾಡ್ ಬೀನ್ ಎನ್ನಲಿಲ್ಲ, ಟೀಚರು ಹೋದ್ರು ಎಂದಳು. ನಾನು ಮಾನ್ವಿಯಿಂದ ರಾಯಚೂರು ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಟೀಚರ ತಂಗಿ ಬಾಗಿಲಲ್ಲಿ ಕೂತಿದ್ದರು. "ಬಾಳ ದಿನದಿಂದ ಆರಾಮಿರ್ಲಿಲ್ರಿ. ಯಾರಿಗೂ ಹೇಳಬ್ಯಾಡ ಅಂದಿದ್ಲು" ಎಂದರು. ನಮಗೆಲ್ಲ ನೀವ ಹೇಳಬೇಕು ಎಂದು ಬಡಿದಾಡಿದವರು ತಮ್ಮದನ್ನು ಮಾತ್ರ ಹೇಳದೇ ಹೋದರು. ಅದಕ್ಕೆ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಸಿಟ್ಟು ಇಳಿದರೆ ಅಳು ಬರುತ್ತದೆ, ಹಾಗಾಗಿ ಇಳಿಸಲು ಹೋಗಿಲ್ಲ.

ಆ ಸೋಮವಾರ ಮೂರನೇ ಪೀರಿಯಡ್ಡು ಮುಗಿದ ಮೇಲೆ ಆ ಹುಡುಗಿಯನ್ನು ಕರೆದೆ. ಬಲಗೈ ಮತ್ತೆ ಬೆನ್ನ ಹಿಂದೆ ಹೋಗಿತ್ತು.

"ಯಾವಾಗಿಂದ?"

ಅವಳು ನನ್ನನ್ನೇ ನೋಡಿದಳು. "ಏಳನೇ ಕ್ಲಾಸಿನಿಂದ್ರಿ ಟೀಚರ್. ಸಂಜಿ ಹೋಗ್ತೀನ್ರಿ, ಹಂಗಾಮು ಜೋರಿದ್ದಾಗ ಸಾಲಿ ತಪ್ಪಸ್ತೀನ್ರಿ... ಹೆಡ್ ಸರ್‌ಗೆ ಹೇಳಬ್ಯಾಡ್ರಿ."

"ನಾ ಹೇಳಂಗಿಲ್ಲ. ನೀ ಹೇಳಬೇಕು. ನಾ ಬಾಜೂಕ ನಿಂತಿರ್ತೀನಿ" ಎಂದೆ. ಮರುದಿನದಿಂದ ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ಕೂರುತ್ತಿದ್ದಾಳೆ. ಶೇಂಗಾ ನಾನು ತರುತ್ತೇನೆ.

ಅವಳ ಹಾಜರಿ ಸಾಲದು ಎಂದು ನಮ್ಮ ಹೆಡ್ ಸರ್ ಈಗಾಗಲೇ ಎರಡು ಸಲ ಅಂದಿದ್ದಾರೆ. ಈ ಸೋಮವಾರ ಹುಡುಗಿಯರ ಉಗುರನ್ನೂ ತಾವೇ ನೋಡುವುದಾಗಿ ಅಂದಿದ್ದಾರೆ. ನೋಡಲಿ. ನನ್ನ ಬಲಗೈ ಹೆಬ್ಬೆರಳಿನದು ಜೋಳದ ಕಾಳಿನಷ್ಟು ಬೆಳೆದಿದೆ. ಚಾಕ್ ಹಿಡಿದರೆ ಬೋರ್ಡಿಗೆ ತಾಗಿ ಕಿರ್ರೆನ್ನುತ್ತದೆ, ಮಕ್ಕಳು ನಗುತ್ತಾರೆ. ಟೀಚರು ಇದ್ದಿದ್ದರೆ ನನ್ನ ಕೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತೋರಿಸೋಣವೆಂದರೆ ಅವರಿಲ್ಲ.

ನಾಳೆ ಸೋಮವಾರ. ಹುಡುಗಿಯರ ಸಾಲಿನಲ್ಲಿ ಅವಳ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ.